ಮೈಸೂರ್‌ಪಾಕ್ ಒಡೆಯಬಾರದು: ಕನ್ನಡ ವೆಬ್‌ಸೈಟಿಗೆ ಯಾವ ಫಾಂಟ್, ಎಲ್ಲಿಂದ ತರಿಸುವುದು?

ಯಾವುದೇ ಕನ್ನಡ ಫಾಂಟನ್ನು ಗಿರಾಕಿಗೆ ತೋರಿಸುವ ಮುಂಚೆ ಈ ಸಾಲನ್ನು ಅದರಲ್ಲಿ ಬರೆದು ನೋಡಿ:

ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ಮಂಡ್ಯ, ಮಳವಳ್ಳಿ. ಲಕ್ಷ್ಮೀಪೂಜೆಗೆ ರೇಷ್ಮೆ ವಸ್ತ್ರ. ಅರ್ಧ ಕೆಜಿ ಮೈಸೂರ್‌ಪಾಕ್ ₹250. ರ‍್ಯಾಂಕ್.

ಫಾಂಟ್ ಪಟ್ಟಿಗಳಲ್ಲಿ ಕಾಣುವ ‘ಅ ಆ ಇ ಈ’ ನೋಡಿ ಏನನ್ನೂ ತೀರ್ಮಾನಿಸಲಾಗದು. ಕನ್ನಡದ ಕಷ್ಟವೆಲ್ಲ ಇರುವುದು ಒತ್ತಿನಲ್ಲಿ. ‘ಸ್ತ್ರ’ದಲ್ಲಿ ತ ಒತ್ತು, ರ ಒತ್ತು ಎರಡೂ ಒಂದರ ಮೇಲೊಂದು ಏರದೆ ಕೂರಬೇಕು. ‘ಕ್ಷ್ಮೀ’ಯಲ್ಲಿ ಮ ಒತ್ತಿಗೂ ಜಾಗ ಬೇಕು, ದೀರ್ಘಕ್ಕೂ ಬೇಕು. ‘ಷ್ಣ’ದ ಣ ಒತ್ತು ಪಕ್ಕದ ರಾ ಕಾಲಿಗೆ ತಾಗಬಾರದು. ‘ಡ್ಯ’ದ ಯ ಒತ್ತು ಬಲಕ್ಕೆ ಚಾಚಿಕೊಳ್ಳುತ್ತದೆ, ಆ ಚಾಚಿಗೆ ಬೇಕಾದ ಅಗಲವನ್ನು ಫಾಂಟ್ ಮಾಡಿದವರು ಲೆಕ್ಕ ಹಾಕಿರದಿದ್ದರೆ ‘ಮಂಡ್ಯ’ದ ನಂತರದ ಅಲ್ಪವಿರಾಮ ಒತ್ತಿನ ಮೇಲೆ ಬಂದು ಕೂರುತ್ತದೆ. ರೂಪಾಯಿ ಗುರುತು ಕೆಲವು ಹಳೆಯ ಫಾಂಟುಗಳಲ್ಲಿ ಇಲ್ಲವೇ ಇಲ್ಲ, ಅದನ್ನು ಬೇರೆ ಫಾಂಟಿನಿಂದ ಬ್ರೌಸರ್ ಎರವಲು ತರುತ್ತದೆ.

‘ಮೈಸೂರ್‌ಪಾಕ್’ ಇನ್ನೂ ಸೂಕ್ಷ್ಮ. ರ್ ಮತ್ತು ಪಾ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದಿದೆ: ಜೀರೋ ವಿಡ್ತ್ ನಾನ್ ಜಾಯ್ನರ್, ಯುನಿಕೋಡಿನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಜಾಗತಿಕ ಪಟ್ಟಿ) ಯು+200ಸಿ. ಅದು ಕಳೆದುಹೋದರೆ ಪದ ‘ಮೈಸೂರ್ಪಾಕ್’ ಆಗಿ ಅರ್ಕಾವೊತ್ತು ಬಂದುಬಿಡುತ್ತದೆ. ‘ರ‍್ಯಾಂಕ್’ನಲ್ಲಿ ಇದರ ಜೋಡಿ, ಜೀರೋ ವಿಡ್ತ್ ಜಾಯ್ನರ್, ಯು+200ಡಿ ಇದೆ, ಅದಿಲ್ಲದಿದ್ದರೆ ‘ರ್ಯಾಂಕ್’. ಫಾರ್ಮಿನಿಂದ ಬಂದ ಪಠ್ಯವನ್ನು ಶುಚಿ ಮಾಡುವ ಕೋಡ್ ಎಷ್ಟೋ ಸಲ ಈ ಎರಡನ್ನೂ ಕಸವೆಂದು ಗುಡಿಸಿ ಹಾಕುತ್ತದೆ. ಆಗ ತಪ್ಪು ಫಾಂಟಿನದ್ದಲ್ಲ, ಆದರೆ ಬೈಗುಳ ಮಾತ್ರ ಫಾಂಟಿಗೇ. ಅದಕ್ಕೇ ಪರೀಕ್ಷೆಯ ಸಾಲನ್ನು ಎರಡು ಸಲ ನೋಡಬೇಕು: ಒಮ್ಮೆ ನೇರವಾಗಿ ಪುಟದಲ್ಲಿ, ಒಮ್ಮೆ ಫಾರ್ಮಿಗೆ ತುಂಬಿ, ಡೇಟಾಬೇಸಿಗೆ ಹೋಗಿ ಬಂದ ಮೇಲೆ.

ಇನ್ನೊಂದು ಪರೀಕ್ಷೆ ಸಣ್ಣ ಗಾತ್ರದ್ದು. 14 ಪಿಕ್ಸೆಲ್‌ನಲ್ಲಿ, ಫೋನನ್ನು ಕೈಯಳತೆ ದೂರ ಹಿಡಿದು ‘ಅರ್ಧ’ ಮತ್ತು ‘ಅರ್ಥ’ ಓದಿ. ಧ ಕೆಳಗಿನ ಸೀಳು, ಥ ಹೊಟ್ಟೆಯ ಚುಕ್ಕೆ ಎರಡೂ ಮುಚ್ಚಿಹೋದರೆ ದ, ಧ, ಥ ಮೂರೂ ಒಂದೇ ಆಗುತ್ತವೆ. ಬ-ಭ, ಪ-ಷ ಜೋಡಿಗಳನ್ನೂ ಹೀಗೇ ನೋಡಿ. ಬೆಲೆಪಟ್ಟಿ ಇರುವ ಸೈಟಿನಲ್ಲಿ ಇದು ಅಂದಚೆಂದದ ಮಾತಲ್ಲ.

ಫಾಂಟಿಗಿಂತ ಮೊದಲು ಪಠ್ಯ

ಮೈಸೂರು, ಮಂಡ್ಯದ ಡಿಟಿಪಿ ಅಂಗಡಿಗಳಿಂದ ಬರುವ ಕರಪತ್ರ, ಮೆನು, ಬೆಲೆಪಟ್ಟಿಗಳು ಇವತ್ತಿಗೂ ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿರುವುದು ಸಾಮಾನ್ಯ. ಇವು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ವ್ಯವಸ್ಥೆ. ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಸೈಟಿಗೆ ಅಂಟಿಸಿದರೆ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ನಡುವೆ ಬ್ರಿಟಿಷ್ ಪೌಂಡಿನ ಗುರುತು ಕಾಣುತ್ತವೆ. ಹೀಗಾದಾಗ ಜನ ಮೂರು ದಾರಿ ಹಿಡಿಯುತ್ತಾರೆ.

ಮೊದಲನೆಯದು, ಪಠ್ಯವನ್ನೇ ಚಿತ್ರ ಮಾಡಿ ಹಾಕುವುದು. ಚಿತ್ರದೊಳಗಿನ ಮಾತನ್ನು ಪುಟದಲ್ಲಿ ಹುಡುಕಲಾಗದು, ದೃಷ್ಟಿಯಿಲ್ಲದವರ ಸ್ಕ್ರೀನ್ ರೀಡರ್ ಓದದು, ಫೋನಿನಲ್ಲಿ ಹಿಗ್ಗಿಸಿದರೆ ಮಸುಕು. ಬೆಲ್ಲದ ಬೆಲೆ ಬದಲಾದಾಗಲೆಲ್ಲ ಹೊಸ ಚಿತ್ರ ಬೇಕು. ಎರಡನೆಯದು, ಆ ಹಳೆಯ ಫಾಂಟನ್ನೇ ಸರ್ವರಿಗೆ ಏರಿಸಿ ಬಳಸುವುದು. ತೆರೆಯ ಮೇಲೆ ಕನ್ನಡ ಕಾಣುತ್ತದೆ, ಆದರೆ ಒಳಗಿರುವುದು ಪಿ ಮತ್ತು ಪೌಂಡೇ. ಇದು ಚಿತ್ರಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಸರಿ ಇದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಉಳಿದದ್ದು ಯುನಿಕೋಡಿಗೆ ಪರಿವರ್ತಿಸುವುದು. ಮಾಡಬೇಕಾದದ್ದು ಇದೊಂದೇ.

ಪರಿವರ್ತಿಸಿದ ಮೇಲೆ ಮೂರು ಕಡೆ ಕಣ್ಣಾಡಿಸಿ. ‘ಸಾಫ್ಟ್‌ವೇರ್’, ‘ಮೈಸೂರ್‌ಪಾಕ್’ನಂಥ ಪದಗಳಲ್ಲಿ ಮೇಲೆ ಹೇಳಿದ ಕಾಣದ ಸಂಕೇತ ಇದೆಯೇ ನೋಡಿ, ಪರಿವರ್ತಕಗಳು ಬಹುತೇಕ ಅದನ್ನು ಬಿಡುತ್ತವೆ. ಎರಡನೆಯದಾಗಿ, ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ೆ ಮತ್ತು ೂ ಎಂಬ ಎರಡು ತುಂಡಾಗಿಯೂ ಬರೆಯಬಹುದು. ಎರಡೂ ಒಂದೇ ಥರ ಕಾಣುತ್ತವೆ, ಹುಡುಕಾಟದಲ್ಲಿ ಮಾತ್ರ ಕೂಡಿಬರುವುದಿಲ್ಲ. ಉಳಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳು ಕೂಡಿ ಒಂದೇ ಸಂಕೇತವಾದ ರೂಪ) ತಂದರೆ ಈ ತೊಂದರೆ ಹೋಗುತ್ತದೆ. ಜಾವಾಸ್ಕ್ರಿಪ್ಟಿನ ‘ನಾರ್ಮಲೈಸ್’ ಕರೆಗೆ ಒಂದು ಸಾಲು ಸಾಕು.

ಮೂರನೆಯದು ಯಂತ್ರದ್ದಲ್ಲ, ಬೆರಳಿನ ತಪ್ಪು. ಸೊನ್ನೆ ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆಯನ್ನೇ ಒತ್ತಿರುತ್ತಾರೆ. ‘ಮಂಡ್ಯ’ ಮತ್ತು ‘ಮ೦ಡ್ಯ’ ಪಕ್ಕಪಕ್ಕ ಇಟ್ಟು ನೋಡಿ: ಎರಡನೆಯದರಲ್ಲಿ ಇರುವುದು ಅಂಕಿ. ತಾಲ್ಲೂಕುವಾರು ಪಟ್ಟಿಯಲ್ಲಿ ‘ಮಂಡ್ಯ’ ಎಂದು ಹುಡುಕಿದವರಿಗೆ ಅದು ಸಿಗುವುದೇ ಇಲ್ಲ, ಏಕೆ ಸಿಗಲಿಲ್ಲವೆಂದು ತಲೆ ಕೆಡಿಸಿಕೊಂಡರೂ ಕಣ್ಣಿಗೆ ಕಾಣುವುದಿಲ್ಲ. ಪರಿಹಾರ ಸುಲಭ: ಹಿಂದೆ ಮುಂದೆ ಕನ್ನಡ ಅಂಕಿ ಇಲ್ಲದ, ಅಕ್ಷರಕ್ಕೆ ಅಂಟಿಕೊಂಡ ಪ್ರತಿ ‘೦’ಯನ್ನೂ ಹುಡುಕಿ ‘ಂ’ ಮಾಡುವ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದಿಟ್ಟುಕೊಳ್ಳಿ.

ಫಾಂಟ್ ತರಿಸುವ ಮೂರು ದಾರಿ

ಫಾಂಟಿನ ಅಂದ ನೋಡುವ ಮೊದಲು ಇದನ್ನು ತೀರ್ಮಾನಿಸಿ. ಯಾಕೆಂದರೆ ದಾರಿ ನಿರ್ಧಾರವಾದರೆ ಅರ್ಧ ಫಾಂಟುಗಳು ತಾವಾಗೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಓದುಗರ ಸಾಧನದಲ್ಲಿ ಇರುವುದನ್ನೇ ಬಳಸುವುದು ಒಂದು ದಾರಿ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಇದೆ, ಅದಕ್ಕೂ ಹಿಂದೆ ತುಂಗಾ ಇತ್ತು. ಆಪಲ್ ಮ್ಯಾಕ್ ಕಂಪ್ಯೂಟರುಗಳಲ್ಲಿ ಕನ್ನಡ ಸಂಗಮ್ ಎಂಎನ್. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಗೂಗಲ್ ಕಂಪನಿಯ ನೋಟೋ. ಡೌನ್‌ಲೋಡ್ ಒಂದು ಬೈಟೂ ಇಲ್ಲ, ಪುಟ ತಕ್ಷಣ ಓದಲು ಸಿಗುತ್ತದೆ. ಪ್ರತಿ ಸಾಧನದಲ್ಲಿ ನೋಟ ಬೇರೆ ಎಂಬುದು ಇದರ ಬೆಲೆ. ತೂಕದ, ಅಂದರೆ ಅಕ್ಷರದ ದಪ್ಪದ, ವಿಷಯದಲ್ಲೂ ಹುಷಾರು: ನಿರ್ಮಲಾ ಯುಐನಲ್ಲಿ ಸೆಮಿಲೈಟ್, ರೆಗ್ಯುಲರ್, ಬೋಲ್ಡ್ ಮಾತ್ರ ಇರುವುದರಿಂದ ವಿನ್ಯಾಸದಲ್ಲಿ 500 ಎಂದು ಬರೆದದ್ದು ರೆಗ್ಯುಲರ್ ಆಗಿ, 600 ಎಂದು ಬರೆದದ್ದು ಪೂರ್ತಿ ಬೋಲ್ಡ್ ಆಗಿ ಕಾಣುತ್ತದೆ. ಆದ್ದರಿಂದ ಈ ದಾರಿಯಲ್ಲಿ 400 ಮತ್ತು 700 ಬಿಟ್ಟು ಬೇರೆ ತೂಕ ಬಳಸಬೇಡಿ. ಅರ್ಜಿ ತುಂಬುವ ಪುಟ, ದಾಸ್ತಾನು ಲೆಕ್ಕ, ಹಾಲಿನ ಡೈರಿಯ ದಿನದ ನಮೂದು, ಇಂಥ ಕೆಲಸದ ಪುಟಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ವಿನ್ಯಾಸಕರಿಗೆ ಇದು ಸಪ್ಪೆ ಅನ್ನಿಸುತ್ತದೆ. ಕೆಲಸ ಮಾಡುವವರಿಗೆ ಅನ್ನಿಸುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ನಿರ್ಮಲಾ ಅಥವಾ ತುಂಗಾ ಚೆನ್ನಾಗಿದೆಯೆಂದು ನಿಮ್ಮ ಕಂಪ್ಯೂಟರಿನಿಂದ ಫೈಲ್ ತೆಗೆದು ಸರ್ವರಿಗೆ ಏರಿಸುವಂತಿಲ್ಲ. ಅವುಗಳ ಪರವಾನಗಿ ಅದಕ್ಕೆ ಒಪ್ಪುವುದಿಲ್ಲ.

ಗೂಗಲ್ ಫಾಂಟ್ಸ್ ಲಿಂಕ್ ಎರಡನೆಯ ದಾರಿ. ಐದು ನಿಮಿಷದ ಕೆಲಸ. ಪುಟದಲ್ಲಿ ಕನ್ನಡ ಅಕ್ಷರ ಇದ್ದರೆ ಮಾತ್ರ ಕನ್ನಡದ ಫೈಲ್ ಇಳಿಯುವಂತೆ ಯುನಿಕೋಡ್-ರೇಂಜ್ ಅವರೇ ಬರೆದುಕೊಟ್ಟಿರುತ್ತಾರೆ. ಆದರೆ ಬ್ರೌಸರ್ ಎರಡು ಹೊಸ ಸರ್ವರುಗಳಿಗೆ ಸಂಪರ್ಕ ಬೆಳೆಸಬೇಕು: ಸಿಎಸ್‌ಎಸ್ (ಪುಟದ ನೋಟ ಹೇಳುವ ಕೋಡ್) ಒಂದು ಕಡೆಯಿಂದ, ಫೈಲ್ ಇನ್ನೊಂದು ಕಡೆಯಿಂದ. ಎರಡಕ್ಕೂ ಮುಂಚೆಯೇ ಸಂಪರ್ಕ ಬೆಳೆಸುವ ಪ್ರೀಕನೆಕ್ಟ್ ಸಾಲು ಹಾಕಿ, ಫೈಲ್ ಬರುವ ಕಡೆಗೆ ‘ಕ್ರಾಸ್‌ಆರಿಜಿನ್’ ಸೇರಿಸಿ. ‘ಬೇರೆ ಸೈಟಿನಲ್ಲಿ ಇದೇ ಫಾಂಟ್ ಇಳಿದಿದ್ದರೆ ನಮ್ಮಲ್ಲಿ ಮತ್ತೆ ಇಳಿಯಬೇಕಿಲ್ಲ’ ಎಂಬ ಹಳೆಯ ವಾದ ಈಗ ನಿಲ್ಲುವುದಿಲ್ಲ. 2020ರ ಕ್ರೋಮ್ 86ರಿಂದ ಪ್ರತಿ ಸೈಟಿನ ಕ್ಯಾಶ್ (ಬ್ರೌಸರ್ ಉಳಿಸಿಟ್ಟುಕೊಳ್ಳುವ ಫೈಲುಗಳ ದಾಸ್ತಾನು) ಬೇರೆ ಬೇರೆ. 2021ರಲ್ಲಿ ಫೈರ್‌ಫಾಕ್ಸ್ 85 ಕೂಡ ಹಾಗೇ ಮಾಡಿತು. ಮೈಸೂರಿನ ಗೋಕುಲಂನ ಯೋಗಶಾಲೆಗಳಿಗೆ ಸೈಟ್ ಮಾಡುವವರು ಇನ್ನೊಂದನ್ನೂ ಗಮನಿಸಬೇಕು. ಅವರ ಓದುಗರಲ್ಲಿ ಯುರೋಪಿನವರು ಬಹಳ. 2022ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯ, ಒಪ್ಪಿಗೆಯಿಲ್ಲದೆ ಭೇಟಿಗಾರರ ಐಪಿ ವಿಳಾಸ ಗೂಗಲ್ ಫಾಂಟ್ಸ್ ಮೂಲಕ ಗೂಗಲ್‌ಗೆ ಹೋದದ್ದಕ್ಕೆ ಸೈಟ್ ನಡೆಸುವವರು 100 ಯೂರೊ ಕೊಡಬೇಕೆಂದು ಹೇಳಿತು.

ಉಳಿದದ್ದು ಫೈಲನ್ನು ಬೇಕಾದಷ್ಟಕ್ಕೆ ಕತ್ತರಿಸಿ ನಮ್ಮದೇ ಸರ್ವರಿನಲ್ಲಿ ಇಡುವುದು. ವರ್ಷಗಟ್ಟಲೆ ನಡೆಯಬೇಕಾದ ಸೈಟಿಗೆ ಇದೇ ಸರಿ. ಕೆಲಸ ಒಂದೇ ಸಲದ್ದು, ಆದರೆ ಎಡವುವ ಜಾಗಗಳು ಇರುವುದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಪೈಥಾನಿನಲ್ಲಿ ಫಾಂಟ್‌ಟೂಲ್ಸ್ ಮತ್ತು ಬ್ರಾಟ್ಲಿ ಎರಡನ್ನೂ ಹಾಕಿಕೊಳ್ಳಿ. ಬ್ರಾಟ್ಲಿ ಮರೆತರೆ ವೊಫ್2 (ವೆಬ್ಬಿಗೆಂದು ಕಿರಿದಾಗಿಸಿದ ಫಾಂಟ್ ಫೈಲ್) ಬರೆಯುವ ಹಂತದಲ್ಲಿ ಕೆಲಸ ನಿಲ್ಲುತ್ತದೆ. ಹಲವು ತೂಕ, ಅಗಲಗಳು ಒಂದೇ ಫೈಲಿನಲ್ಲಿರುವ ವೇರಿಯಬಲ್ ಫಾಂಟ್ ಆಗಿದ್ದರೆ ಮೊದಲು ಅದರ ‘ಇನ್‌ಸ್ಟಾನ್ಸರ್’ನಿಂದ ಬೇಡದ ಅಗಲ, ತೂಕಗಳನ್ನು ಬಿಡಿಸಿ: ಅಗಲ 100ಕ್ಕೆ ನಿಲ್ಲಿಸಿ, ತೂಕ 400ರಿಂದ 700ರವರೆಗೆ ಮಾತ್ರ ಉಳಿಸಿಕೊಂಡರೆ ಸಾಕು. ಎರಡೇ ತೂಕ ಬೇಕಿದ್ದರೆ ಎರಡು ಬಿಡಿ ಫೈಲ್ ಮಾಡಿ. ಮೂರಕ್ಕೆ ಏರಿದರೆ ವೇರಿಯಬಲ್ ಒಂದೇ ಇರಲಿ. ಆಮೇಲೆ ‘ಪೈಎಫ್‌ಟಿಸಬ್‌ಸೆಟ್’ಗೆ ಉಳಿಸಬೇಕಾದ ಸಂಕೇತಗಳನ್ನು ಕೊಡಿ: ಕನ್ನಡಕ್ಕೆ ಮೀಸಲಾದ ಯು+0ಸಿ80ರಿಂದ ಯು+0ಸಿಎಫ್‌ಎಫ್‌ವರೆಗಿನ ಭಾಗ, ಕಾಣದ ಆ ಎರಡು ಸಂಕೇತ, ರೂಪಾಯಿ ಗುರುತಿನ ಯು+20ಬಿ9, ಚುಕ್ಕೆವೃತ್ತದ (ಒಂಟಿ ಚಿಹ್ನೆಗೆ ಆಸರೆಯಾಗಿ ಕಾಣುವ ವೃತ್ತ) ಯು+25ಸಿಸಿ, ದಂಡ ಎರಡು (ಯು+0964, 0965). ಲೇಔಟ್ ಫೀಚರ್ ಆಯ್ಕೆಗೆ ನಕ್ಷತ್ರ ಚಿಹ್ನೆ ಕೊಟ್ಟು ಎಲ್ಲವನ್ನೂ ಉಳಿಸಿಕೊಳ್ಳಿ.

ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು ಇಲ್ಲೇ. ಫಾಂಟಿನೊಳಗೆ ಒತ್ತಕ್ಷರಗಳಿಗೆ ಸ್ವಂತ ಯುನಿಕೋಡ್ ಸಂಖ್ಯೆ ಇಲ್ಲ. ತ, ಹಲಂತ, ರ ಎಂಬ ಸಂಕೇತಗಳು ಸಾಲಾಗಿ ಬಂದಾಗ ಯಾವ ಆಕಾರ ಇಡಬೇಕೆಂಬ ನಿಯಮಗಳು ಫಾಂಟಿನ ಒಳಗಿನ ಕೋಷ್ಟಕದಲ್ಲಿವೆ. ಫೈಲ್ ಚಿಕ್ಕದಾಗಲಿ ಎಂದು ಕೆಲವು ಸಾಧನಗಳು ಆ ಕೋಷ್ಟಕವನ್ನೇ ಕತ್ತರಿಸುತ್ತವೆ. ಆಗ ಫೈಲ್ ನಿಜಕ್ಕೂ ಚಿಕ್ಕದಾಗುತ್ತದೆ, ಬಿಡಿ ಅಕ್ಷರ ಎಲ್ಲವೂ ಸರಿಯಾಗಿ ಕಾಣುತ್ತವೆ, ‘ವಸ್ತ್ರ’ ಮಾತ್ರ ‘ವಸ್‌ತ್‌ರ’ ಆಗುತ್ತದೆ. ಅದಕ್ಕೇ ಕತ್ತರಿಸಿದ ಪ್ರತಿ ಫೈಲಿಗೂ ಮೇಲಿನ ಪರೀಕ್ಷೆಯ ಸಾಲು ಕಡ್ಡಾಯ. ಪುಟದಲ್ಲಿ ಈಗಿರುವ ಅಕ್ಷರಗಳನ್ನಷ್ಟೇ ಎಣಿಸಿ ಕತ್ತರಿಸುವ ಜಾಣತನವೂ ಬೇಡ. ನಾಳೆ ಅಂಗಡಿಯವರು ‘ಝರಿ ಸೀರೆ’ ಎಂದು ಸೇರಿಸಿದರೆ ಝ ಇರುವುದಿಲ್ಲ.

ಇಂಗ್ಲಿಷ್ ಅಕ್ಷರಗಳಿಗೆ ಬೇರೆ ಫೈಲ್ ಇರಲಿ. ಸಿಎಸ್‌ಎಸ್‌ನಲ್ಲಿ ಯುನಿಕೋಡ್-ರೇಂಜ್ ಬರೆಯುವಾಗ ಕಾಣದ ಎರಡು ಸಂಕೇತಗಳನ್ನು ಕನ್ನಡದ ಭಾಗಕ್ಕೆ ಸೇರಿಸುವುದನ್ನು ಮರೆಯಬೇಡಿ. ಪ್ರೀಲೋಡ್ ಮಾಡುವುದು (ಮುಂಚೆಯೇ ಇಳಿಸುವುದು) ಒಂದೇ ಫೈಲ್, ಮೈಬರಹದ ರೆಗ್ಯುಲರ್. ಫಾಂಟ್ ನಮ್ಮದೇ ಸರ್ವರಿನಲ್ಲಿದ್ದರೂ ಪ್ರೀಲೋಡ್ ಸಾಲಿನಲ್ಲಿ ‘ಕ್ರಾಸ್‌ಆರಿಜಿನ್’ ಬೇಕೇಬೇಕು, ಇಲ್ಲದಿದ್ದರೆ ಅದೇ ಫೈಲ್ ಎರಡು ಸಲ ಇಳಿಯುತ್ತದೆ. ಫೈಲಿನ ಹೆಸರಿನಲ್ಲಿ ಆವೃತ್ತಿ ಸಂಖ್ಯೆ ಇಟ್ಟು ಕ್ಯಾಶ್ ಅವಧಿ ಒಂದು ವರ್ಷ, ಅಂದರೆ 31536000 ಸೆಕೆಂಡ್ ಕೊಡಿ.

ಎಲ್ಲ ಫಾಂಟ್ ಫೈಲುಗಳೂ ಸೇರಿ 150 ಕೆಬಿ ದಾಟದಿರಲಿ. ಸೆಕೆಂಡಿಗೆ 1 ಮೆಗಾಬಿಟ್ ಸಿಗುವ ಜಾಗದಲ್ಲಿ ಅಷ್ಟು ಇಳಿಯಲು 1.2 ಸೆಕೆಂಡ್ ಬೇಕು. ಜಂಬೂಸವಾರಿಯ ದಿನ ಅರಮನೆ ಸುತ್ತಿನ ಜನಸಂದಣಿಯಲ್ಲಿ ನಿಂತು ಲಾಡ್ಜ್ ಹುಡುಕುವವರಿಗೆ ಅಷ್ಟು ವೇಗವೂ ಸಿಗುವ ಖಾತ್ರಿ ಇಲ್ಲ.

ದಸರೆಯ ಹತ್ತು ದಿನಕ್ಕೆಂದು ಮಾಡುವ ಪುಟಕ್ಕೆ ಈ ಶ್ರಮವೆಲ್ಲ ಬೇಡ, ಗೂಗಲ್ ಲಿಂಕ್ ಸಾಕು.

ಯಾವ ಫಾಂಟ್

ಇಲ್ಲಿ ಹೇಳುವವೆಲ್ಲ ಓಪನ್ ಫಾಂಟ್ ಪರವಾನಗಿಯವು: ಸ್ವಂತ ಸರ್ವರಿನಲ್ಲಿ ಇಡಬಹುದು, ಕತ್ತರಿಸಬಹುದು. ಪರವಾನಗಿಯ ಪಠ್ಯವನ್ನು ಫೈಲಿನ ಜೊತೆ ಇಡಿ. ಅದರಲ್ಲಿ ‘ಕಾಯ್ದಿರಿಸಿದ ಹೆಸರು’ ಎಂಬ ಷರತ್ತಿದ್ದರೆ ಕತ್ತರಿಸಿದ ಫೈಲಿಗೆ ಬೇರೆ ಹೆಸರು ಕೊಡಿ.

ಮೈಬರಹಕ್ಕೆ ಮೊದಲು ಪರೀಕ್ಷಿಸಬೇಕಾದದ್ದು ನೋಟೋ ಸಾನ್ಸ್ ಕನ್ನಡ. ತೂಕ 100ರಿಂದ 900, ಅಗಲವನ್ನೂ ಕುಗ್ಗಿಸಬಹುದು. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಇದೇ ಬಳಗದ ಅಕ್ಷರ ಇರುವುದರಿಂದ ಫಾಂಟ್ ಇಳಿಯುವ ಮೊದಲೂ ನಂತರವೂ ಸಾಲುಗಳು ಹೆಚ್ಚು ಕುಪ್ಪಳಿಸುವುದಿಲ್ಲ; ಇದೇ ಅದರ ದೊಡ್ಡ ಲಾಭ. ಕುಂದು ಏನೆಂದರೆ, ಎಲ್ಲರ ಸೈಟಿನಂತೆಯೇ ನಿಮ್ಮದೂ ಕಾಣುತ್ತದೆ.

ಹಿಂದ್ ಮೈಸೂರು ಎಂಬ ಹೆಸರು ಕೇಳಿದೊಡನೆ ನಮ್ಮ ಊರಿನ ಗಿರಾಕಿಗಳು ಅದೇ ಬೇಕು ಎನ್ನುತ್ತಾರೆ. ಇಂಡಿಯನ್ ಟೈಪ್ ಫೌಂಡ್ರಿಯ ಹಿಂದ್ ಬಳಗವನ್ನು ರೂಪಿಸಿದ್ದು ಆ್ಯಪ್, ಫಾರ್ಮ್, ಬಟನ್ನುಗಳಿಗಾಗಿ. ಲೈಟ್‌ನಿಂದ ಬೋಲ್ಡ್‌ವರೆಗೆ ಐದು ತೂಕ. ಲೇಬಲ್, ಮೆನು, ಬೆಲೆ ತೋರಿಸುವ ಕಡೆ ಚೆನ್ನಾಗಿ ಒಪ್ಪುತ್ತದೆ. ಉದ್ದನೆಯ ಲೇಖನಕ್ಕೆ ಹೆಸರಿನ ಪ್ರೀತಿಯಿಂದ ಮಾತ್ರ ಆರಿಸಬೇಡಿ.

ಶೀರ್ಷಿಕೆಗೆ ಏಕ್ ಟೈಪ್ ಬಳಗದ ಅನೇಕ್ ಕನ್ನಡ ಬಹಳ ಉಪಯೋಗಿ. ತೂಕ 100ರಿಂದ 800, ಅಗಲ 75ರಿಂದ 125. ಕನ್ನಡ ಶೀರ್ಷಿಕೆಗಳು ಇಂಗ್ಲಿಷಿಗಿಂತ ಉದ್ದವಾಗುವುದು ಸಾಮಾನ್ಯ. ‘ಶ್ರೀರಂಗಪಟ್ಟಣದಿಂದ ರಂಗನತಿಟ್ಟಿಗೆ’ ಎಂಬುದು ಫೋನಿನ ಅಗಲಕ್ಕೆ ಹಿಡಿಯದಿದ್ದಾಗ ಗಾತ್ರ ಇಳಿಸುವ ಬದಲು ಅಗಲವನ್ನು 85ಕ್ಕೆ ಇಳಿಸಿದರೆ ಓದಲು ತೊಂದರೆಯಾಗದೆ ಕೂರುತ್ತದೆ. ಅದೇ ಬಳಗದ ಬಾಲೂ ತಮ್ಮ 2 ಉಂಡುಂಡಾದ ಅಕ್ಷರ, ತೂಕ 400ರಿಂದ 800. ಸಿಹಿತಿಂಡಿ ಅಂಗಡಿಯ ಹೆಸರಿಗೆ, ಮಕ್ಕಳ ಪುಟದ ತಲೆಬರಹಕ್ಕೆ ಸೊಗಸು. ಮೂರು ಸಾಲು ದಾಟಿದರೆ ಕಣ್ಣಿಗೆ ಭಾರ.

ಕತೆ, ಪ್ರಬಂಧ, ಊರಿನ ಇತಿಹಾಸದಂಥ ನಿಧಾನದ ಓದಿಗೆ ಟಿರೋ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ. ಟಿರೋದಲ್ಲಿ ಅಚ್ಚಿನ ಪುಸ್ತಕದ ಗುಣವಿದೆ, ದಪ್ಪ-ತೆಳುವಿನ ಓಟ ಕಣ್ಣಿಗೆ ಹಿತ. ಆದರೆ ಅದರಲ್ಲಿ ಬೋಲ್ಡ್ ಇಲ್ಲ. ಸಿಎಸ್‌ಎಸ್‌ನಲ್ಲಿ ಬೋಲ್ಡ್ ಕೇಳಿದರೆ ಬ್ರೌಸರ್ ತಾನೇ ಅಕ್ಷರವನ್ನು ಉಬ್ಬಿಸುತ್ತದೆ, ಒತ್ತುಗಳ ಸಂದು ಮುಚ್ಚಿ ಮಸಿ ಚೆಲ್ಲಿದಂತಾಗುತ್ತದೆ. ‘ಫಾಂಟ್-ಸಿಂಥೆಸಿಸ್’ ಅನ್ನು ‘ನನ್’ ಮಾಡಿ, ಒತ್ತು ಕೊಡಬೇಕಾದ ಪದಕ್ಕೆ ಬಣ್ಣ ಬದಲಿಸಿ. ಬೋಲ್ಡ್ ಬೇಕೇ ಬೇಕೆಂದರೆ ನೋಟೋ ಸೆರಿಫ್‌ಗೆ ಹೋಗಿ.

ಒಟ್ಟಿಗೆ ಹೇಳುವುದಾದರೆ, ಅರಸು ರಸ್ತೆಯ ಸೀರೆ ಅಂಗಡಿಗೆ ಅನೇಕ್ ತಲೆಬರಹ, ನೋಟೋ ಸಾನ್ಸ್ ಮೈಬರಹ, ಎರಡೂ ಸ್ವಂತ ಸರ್ವರಿನಿಂದ. ಮಂಡ್ಯದ ಬೆಲ್ಲದ ವ್ಯಾಪಾರಿಯ ಆರ್ಡರ್ ಪುಟಕ್ಕೆ ಸಾಧನದ ಫಾಂಟ್, ಹೆಸರಿಗೆ ಮಾತ್ರ ಎಸ್‌ವಿಜಿ ಲೋಗೋ. ಯೋಗಶಾಲೆಯ ಪುಟದಲ್ಲಿ ಕನ್ನಡ ನಾಲ್ಕೈದು ಸಾಲಿದ್ದರೆ ಟಿರೋ ಒಂದೇ ಫೈಲ್.

ಸಿಎಸ್‌ಎಸ್‌ನಲ್ಲಿ ಕೈಕೊಡುವ ಜಾಗಗಳು

ಲೈನ್-ಹೈಟ್ ಮೊದಲು. ಇಂಗ್ಲಿಷ್ ಟೆಂಪ್ಲೇಟಿನಲ್ಲಿ ಶೀರ್ಷಿಕೆಗೆ 1.1 ಇರುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಶೀರ್ಷಿಕೆಗೆ 1.35ರಿಂದ 1.4, ಮೈಬರಹಕ್ಕೆ 1.6ರಿಂದ 1.75, ಗಾತ್ರ 17 ಅಥವಾ 18 ಪಿಕ್ಸೆಲ್. ಎರಡೇ ಸಾಲಿಗೆ ಕತ್ತರಿಸುವ ಕಾರ್ಡುಗಳಲ್ಲಿ ‘ಓವರ್‌ಫ್ಲೋ ಹಿಡನ್’ ಇದ್ದರೆ ಕೊನೆಯ ಸಾಲಿನ ಒತ್ತಿನ ಕಾಲು ಕತ್ತರಿಸಿಹೋಗುತ್ತದೆ, ಕೆಳಗೆ 0.25 ಇಎಂ ಪ್ಯಾಡಿಂಗ್ ಕೊಡಿ. ಬಟನ್ನಿಗೆ ಎತ್ತರ ನಿಗದಿ ಮಾಡಬೇಡಿ, ಪ್ಯಾಡಿಂಗ್‌ನಿಂದ ಬರಲಿ.

ಲೆಟರ್-ಸ್ಪೇಸಿಂಗ್ ಕನ್ನಡಕ್ಕೆ 0. ಇಟಾಲಿಕ್ ಕನ್ನಡದ ರೂಢಿಯಲ್ಲಿಲ್ಲ, ಒತ್ತಿ ಹೇಳಬೇಕಾದದ್ದಕ್ಕೆ ತೂಕ 600 (ಸಾಧನದ ಫಾಂಟಾದರೆ 700) ಬಳಸಿ. ಅಕ್ಷರ ಒಂದೊಂದಾಗಿ ಹಾರಿಬರುವ ಅನಿಮೇಷನ್‌ಗಳನ್ನು ಪದದ ಮಟ್ಟಕ್ಕೆ ಬದಲಿಸಿ: ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ ‘ಸ್ತ್ರೀ’ ಎಂಬ ಒಂದು ಅಕ್ಷರದ ಉದ್ದ 6. ಅದನ್ನು ಆರು ತುಂಡು ಮಾಡಿದರೆ ತೆರೆಯ ಮೇಲೆ ಚುಕ್ಕೆವೃತ್ತಗಳು ಉದುರುತ್ತವೆ. ಕನ್ನಡ ಇರುವ ಕಡೆ ಭಾಷೆಯ ಗುರುತು ‘ಕೆಎನ್’ ಹಾಕಿದರೆ ಸ್ಕ್ರೀನ್ ರೀಡರ್ ಕನ್ನಡದ ಧ್ವನಿಗೆ ಬದಲಾಗಲು ಅನುವಾಗುತ್ತದೆ.

ಫಾಂಟ್-ಡಿಸ್‌ಪ್ಲೇಗೆ ‘ಸ್ವಾಪ್’ ಎಲ್ಲರೂ ಹಾಕುತ್ತಾರೆ. ಸಾಧನದ ಫಾಂಟ್ ಮೊದಲು ಬಂದು, ನಿಮ್ಮದು ಇಳಿದೊಡನೆ ಬದಲಾಗುತ್ತದೆ. ಕನ್ನಡದಲ್ಲಿ ಫಾಂಟಿನಿಂದ ಫಾಂಟಿಗೆ ಎತ್ತರದ ವ್ಯತ್ಯಾಸ ದೊಡ್ಡದಾದ್ದರಿಂದ ಪುಟ ಜಗ್ಗುತ್ತದೆ, ಒತ್ತಲು ಹೋದ ಬಟನ್ ಕೆಳಗೆ ಜಾರುತ್ತದೆ. ‘ಸೈಜ್-ಅಡ್ಜಸ್ಟ್’ ಮತ್ತು ‘ಅಸೆಂಟ್-ಓವರ್‌ರೈಡ್’ನಿಂದ ಬದಲಿ ಫಾಂಟಿನ ಅಳತೆಯನ್ನು ಹೊಂದಿಸಿ, ಪುಟ ಎಷ್ಟು ಜಗ್ಗಿತೆಂದು ಅಳೆಯುವ ಅಂಕ (ಸಿಎಲ್‌ಎಸ್) 0.1ರ ಒಳಗೆ ಬರುವವರೆಗೆ ತಿದ್ದಿ. ಅಷ್ಟು ಹೊತ್ತಿಲ್ಲದಿದ್ದರೆ ‘ಆಪ್ಷನಲ್’ ಕೊಡಿ: ಸುಮಾರು 100 ಮಿಲಿಸೆಕೆಂಡಿನಲ್ಲಿ ಫಾಂಟ್ ಬಂದರೆ ಬಂತು, ಇಲ್ಲದಿದ್ದರೆ ಆ ಭೇಟಿಗೆ ಸಾಧನದ್ದೇ.

ಮಾದರಿ ಚಿತ್ರವನ್ನು ಹಳೆಯ ಆವೃತ್ತಿಯ ಫೋಟೋಶಾಪಿನಲ್ಲಿ ಮಾಡುವವರಿಗೆ ಒತ್ತು ಒಡೆದು ಕಂಡರೆ ಫಾಂಟ್ ಬದಲಿಸುವ ಮುಂಚೆ ಟೈಪ್ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ, ಹೊಸ ಫೈಲ್ ತೆರೆದು ನೋಡಿ.

ರಸೀದಿಯ ಪಿಡಿಎಫ್

ಸೈಟ್ ಪೂರ್ತಿ ಸರಿಯಿದ್ದು ರಸೀದಿಯಲ್ಲಿ ‘ಮಂಡ್ಯ’ ಒಡೆಯುವುದು ಪದೇ ಪದೇ ಆಗುವ ಎಡವಟ್ಟು. ಬ್ರೌಸರಿನಲ್ಲಿ ಸಂಕೇತಗಳನ್ನು ಒತ್ತಕ್ಷರವಾಗಿ ಜೋಡಿಸುವ ಯಂತ್ರ ಇದೆ; ಪಿಡಿಎಫ್ ಬರೆಯುವ ಅನೇಕ ಲೈಬ್ರರಿಗಳಲ್ಲಿ ಅದಿಲ್ಲ. ಜೆಎಸ್‌ಪಿಡಿಎಫ್‌ಗೆ ಎಷ್ಟು ಒಳ್ಳೆಯ ಕನ್ನಡ ಫಾಂಟ್ ಕೊಟ್ಟರೂ ಹಲಂತ ಬೇರೆ, ಯ ಬೇರೆ ಆಗಿಯೇ ಬರುತ್ತದೆ. ಸರ್ವರಿನಲ್ಲಿ ತೆರೆಯಿಲ್ಲದೆ ಓಡುವ ಹೆಡ್‌ಲೆಸ್ ಕ್ರೋಮ್ ಓಡಿಸಿ ಎಚ್‌ಟಿಎಂಎಲ್ ಪುಟವನ್ನೇ ಪಿಡಿಎಫ್ ಆಗಿ ಮುದ್ರಿಸುವುದು ಎಲ್ಲಕ್ಕಿಂತ ನಂಬಿಗಸ್ತ, ಆದರೆ ಮೆಮೊರಿ ಹೆಚ್ಚು ಬೇಡುತ್ತದೆ. ಅಗ್ಗದ ಷೇರ್ಡ್ ಹೋಸ್ಟಿಂಗ್‌ನಲ್ಲಿ ಓಡುವುದು ಕಷ್ಟ. ಪೈಥಾನ್ ಬಳಸುವವರಿಗೆ ವೀಸಿಪ್ರಿಂಟ್ ಸಾಕು. ಪಿಎಚ್‌ಪಿ ಮಾತ್ರ ಇರುವ ಕಡೆ ಎಂಪಿಡಿಎಫ್ ಬಳಸಿ, ಫಾಂಟಿನ ಸೆಟ್ಟಿಂಗ್‌ನಲ್ಲಿ ‘ಯೂಸ್‌ಒಟಿಎಲ್’ ಎಂಬುದನ್ನು ಆನ್ ಮಾಡಿ. ಅದನ್ನು ಬಿಟ್ಟರೆ ಅಲ್ಲೂ ಒತ್ತು ಒಡೆಯುತ್ತದೆ. ಮೊದಲ ರಸೀದಿಯನ್ನು ತೆರೆಯ ಮೇಲೆ ನೋಡಿ ಬಿಡಬೇಡಿ. ಕೌಂಟರಿನಲ್ಲಿರುವ ಅದೇ ಬಿಲ್ ಪ್ರಿಂಟರಿನಲ್ಲಿ ಪರೀಕ್ಷೆಯ ಸಾಲನ್ನು ಮುದ್ರಿಸಿ, ‘ಅರ್ಧ’ದ ಧ ಸೀಳು ಕಾಗದದ ಮೇಲೆ ಉಳಿದಿದೆಯೇ ಎಂದು ನೋಡಿ. ಉಳಿದಿಲ್ಲದಿದ್ದರೆ ರಸೀದಿಯ ಅಕ್ಷರವನ್ನು ಎರಡು ಪಾಯಿಂಟ್ ಏರಿಸಿ, ತೂಕ 500 ಮಾಡಿ, ಇನ್ನೊಮ್ಮೆ ಮುದ್ರಿಸಿ.